ಈಜಿಪ್ಟ್ ಭಾಷೆಗೆ ಮೊದಲ ಪುಸ್ತಕ: ಉಚಿತ ಅಂತ ಬಡ್ಜ್ ಹಿಡಿಯಬೇಡಿ

ಪ್ರಾಚೀನ ಈಜಿಪ್ಟ್ ಭಾಷೆ ಕಲಿಯಬೇಕು ಅಂತ ನನ್ನ ಆನ್‌ಲೈನ್ ತರಗತಿಗೆ ಬರುವವರ ಹತ್ತಿರ ಆಗಲೇ ಒಂದು ಪುಸ್ತಕ ಇರುತ್ತದೆ. ಹೆಚ್ಚಾಗಿ ಅದು ವಾಲಿಸ್ ಬಡ್ಜ್ ಬರೆದದ್ದು. ಬಡ್ಜ್ ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟ್ ವಿಭಾಗದ ಮುಖ್ಯಸ್ಥರಾಗಿದ್ದವರು, 1934ರಲ್ಲಿ ತೀರಿಕೊಂಡರು. ಕಾಪಿರೈಟ್ ಎಂದೋ ಮುಗಿದಿದೆ. ಹಾಗಾಗಿ ಅವರ ಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಮರುಮುದ್ರಣಗಳೂ ಕಡಿಮೆ ಬೆಲೆಗೆ ಸಿಗುತ್ತವೆ. ಹುಡುಕಿದ ತಕ್ಷಣ ಅವರ ಹೆಸರೇ ಮೊದಲು ಬರುತ್ತದೆ. ದಯವಿಟ್ಟು ಅವುಗಳಿಂದ ಶುರು ಮಾಡಬೇಡಿ. ಈ ಮಾತನ್ನು ಪ್ರತಿ ಹೊಸ ಗುಂಪಿಗೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

"ಹಳೆಯದಾದರೆ ಏನಾಯಿತು, ಭಾಷೆಯೇ ಹಳೆಯದಲ್ವಾ?" ಅಂತ ಕೇಳುತ್ತಾರೆ. ಹಳೆಯದಾಗಿರುವುದು ತೊಂದರೆ ಅಲ್ಲವೇ ಅಲ್ಲ. ಅಲನ್ ಗಾರ್ಡಿನರ್ ಅವರ ವ್ಯಾಕರಣ ಬಂದದ್ದು 1927ರಲ್ಲಿ. ಅದು ಇವತ್ತಿಗೂ ನನ್ನ ಮೇಜಿನ ಮೇಲೆ ಇದೆ. ಬಡ್ಜ್ ಅವರ ದೊಡ್ಡ ನಿಘಂಟು ಅದಕ್ಕಿಂತ ಏಳೇ ವರ್ಷ ಹಿಂದಿನದು, 1920ರದ್ದು. ಆದರೆ ಅವರು ಬರೆಯುತ್ತಿದ್ದ ಕಾಲಕ್ಕೇ ಬರ್ಲಿನ್‌ನಲ್ಲಿ ಅಡಾಲ್ಫ್ ಎರ್ಮನ್ ಮತ್ತು ಅವರ ಶಿಷ್ಯರು ಈ ಭಾಷೆಯನ್ನು ಬೇರೆ ರೀತಿ ಓದಲು ಶುರು ಮಾಡಿದ್ದರು. ಬಡ್ಜ್ ಆ ದಾರಿಗೆ ಬರಲಿಲ್ಲ. ಮುಂದಿನ ಈಜಿಪ್ಟ್ ಅಧ್ಯಯನವೆಲ್ಲ ಸಾಗಿದ್ದು ಎರ್ಮನ್ ದಾರಿಯಲ್ಲೇ.

ವ್ಯತ್ಯಾಸ ಎಲ್ಲಿದೆ ಅಂದರೆ, ಈಜಿಪ್ಟಿನವರು ಬರೆದದ್ದು ವ್ಯಂಜನಗಳನ್ನು ಮಾತ್ರ. ಸ್ವರಗಳನ್ನು ಬರೆಯಲಿಲ್ಲ. ರಣಹದ್ದಿನ ಚಿತ್ರ, ಜೊಂಡಿನ ಎಲೆಯ ಚಿತ್ರ, ಮುಂದೋಳಿನ ಚಿತ್ರ ಇವು ಮೂರು ಬೇರೆ ಬೇರೆ ವ್ಯಂಜನಗಳು. ಮುಂದೋಳಿನದು ಗಂಟಲಿನಿಂದ ಬರುವ ಧ್ವನಿ, ಅರಬ್ಬಿ ಓದಿದವರಿಗೆ ಐನ್ ಅಕ್ಷರವಾಗಿ ಪರಿಚಯ ಇರುತ್ತದೆ. ಬಡ್ಜ್ ಈ ಮೂರನ್ನೂ 'ಅ' ಅಂತ ಬರೆದರು, ಮೇಲೆ ಒಂದು ಚುಕ್ಕೆ ಅಥವಾ ಗೆರೆ ಹಾಕಿ ಬೇರೆ ಮಾಡಿದರು. ಕೆಟ್ಟ ಸ್ಕ್ಯಾನ್‌ನಲ್ಲಿ ಆ ಚುಕ್ಕೆ, ಗೆರೆಗಳೂ ಅಳಿಸಿ ಹೋಗುತ್ತವೆ.

ಇದರಿಂದ ಏನಾಗುತ್ತದೆ ನೋಡಿ. ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತರಗತಿಗೆ ಬಂದಿದ್ದರು. ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಿದ್ದ ಮಂತ್ರಗಳ ಸುರುಳಿ ಅನಿ ಪಪೈರಸ್‌ನ ಪುಟಗಳನ್ನು ಬಡ್ಜ್ ಪುಸ್ತಕದಿಂದ ಮುದ್ದಾಗಿ ನಕಲು ಮಾಡಿಟ್ಟಿದ್ದರು. ಅಷ್ಟು ಚಂದದ ಕೈಬರಹ ನಾನು ಮತ್ತೆ ನೋಡಿಲ್ಲ. ಅದರಲ್ಲಿ ಸತ್ತವನು ತನ್ನ ಹೃದಯಕ್ಕೆ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಅಂತ ಬೇಡಿಕೊಳ್ಳುವ ಭಾಗ ಇದೆ. ಅವರಿಗೆ ಅದೆಂದರೆ ಪ್ರಾಣ. ಹೃದಯ ಅನ್ನುವ ಪದವನ್ನು ಬಡ್ಜ್ 'ಅಬ್' ಅಂತ ಕೊಟ್ಟಿದ್ದಾರೆ. ಮೇಷ್ಟ್ರು ಫಾಕ್ನರ್ ಅವರ 1962ರ ನಿಘಂಟು ತೆಗೆದರು. ಅದರಲ್ಲಿ ಈ ಮೂರು ವ್ಯಂಜನಗಳಿಗೆ ಬೇರೆ ಬೇರೆ ಭಾಗಗಳಿವೆ. ಮೊದಲು ರಣಹದ್ದಿನ ಭಾಗದಲ್ಲಿ ಹುಡುಕಿದರು. ಅಲ್ಲಿ ಆನೆ ಸಿಕ್ಕಿತು. ಮುಂದೋಳಿನ ಭಾಗದಲ್ಲಿ ಹುಡುಕಿದರು, ಕೊಂಬು ಸಿಕ್ಕಿತು. "ಏನ್ರೀ ಇದು, ಇವರ ಡಿಕ್ಷನರಿಯೊಳಗ ಹೃದಯಾನ ಇಲ್ಲಲ್ರೀ!" ಅಂದರು. ಹೃದಯ ಇದ್ದದ್ದು ಜೊಂಡಿನ ಎಲೆಯ ಭಾಗದಲ್ಲಿ. ಆ ಪದವನ್ನು ಎಷ್ಟೋ ಕಡೆ ಹೃದಯದ ಚಿತ್ರ ಮತ್ತು ಒಂದು ಗೆರೆಯಿಂದಲೇ ಬರೆದಿರುತ್ತಾರೆ. ಮೊದಲ ವ್ಯಂಜನ ಯಾವುದು ಅಂತ ಚಿತ್ರ ನೋಡಿ ತಿಳಿಯುವುದಿಲ್ಲ. ಪುಸ್ತಕ ಸರಿಯಾಗಿ ಹೇಳಿಕೊಡಬೇಕು.

ನಿಘಂಟು ನೋಡಲು ಆಗದಿರುವುದು ಸಣ್ಣ ಕಷ್ಟ. ದೊಡ್ಡದು ಕ್ರಿಯಾಪದಗಳಲ್ಲಿ ಇದೆ. ಪ್ರೀತಿಸು ಅನ್ನುವ ಧಾತುವಿನಲ್ಲಿ ಮೂರು ವ್ಯಂಜನಗಳು: ಮ್, ರ್, ಯ್. ಕೊನೆಯದು ದುರ್ಬಲ. ಕೆಲವು ರೂಪಗಳಲ್ಲಿ ಕಾಣುತ್ತದೆ, ಕೆಲವುದರಲ್ಲಿ ಮಾಯವಾಗುತ್ತದೆ. ಇನ್ನು ಕೆಲವುದರಲ್ಲಿ ಅದು ಹೋಗಿ 'ರ್' ಎರಡು ಸಲ ಬರುತ್ತದೆ. ಈ ಬದಲಾವಣೆಯೇ ವ್ಯಾಕರಣ. 'ಯ್' ಅನ್ನು ಸುಮ್ನೆ ಒಂದು ಸ್ವರ ಅಂದುಕೊಂಡು ಕಲಿತವರಿಗೆ ಇದೆಲ್ಲ ಬರೆಯುವವನ ಮನಸ್ಸಿಗೆ ಬಂದಂತೆ ಬರೆದದ್ದು ಅನಿಸುತ್ತದೆ. ಬಡ್ಜ್ ಅವರ ಸುಲಭ ಪಾಠಗಳಲ್ಲಿ ಈ 'ರ್' ಯಾಕೆ ಎರಡಾಯಿತು ಅನ್ನುವುದಕ್ಕೆ ಉತ್ತರ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದನ್ನು ಚೆನ್ನಾಗಿ ಬಿಡಿಸಿ ತೋರಿಸಿದವರು ಭಾಷಾವಿಜ್ಞಾನಿ ಪೊಲೋಟ್ಸ್ಕಿ, 1944ರಲ್ಲಿ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. "ಅವನು ನಿನ್ನೆ ಬಂದ" ಅನ್ನುವುದಕ್ಕೂ "ಅವನು ಬಂದದ್ದು ನಿನ್ನೆ" ಅನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೊಲೋಟ್ಸ್ಕಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: 'ರ್' ಎರಡಾದ ಅಂಥ ರೂಪ ಬಂದಾಗ ವಾಕ್ಯದ ಒತ್ತು ಕ್ರಿಯೆಯ ಮೇಲಲ್ಲ, ಎಲ್ಲಿ, ಯಾವಾಗ, ಹೇಗೆ ಅನ್ನುವುದರ ಮೇಲೆ. ಈಚಿನ ವಿದ್ವಾಂಸರು ಕೆಲವರು ಇದನ್ನು ಬೇರೆ ರೀತಿ ವಿವರಿಸುತ್ತಾರೆ, ಚರ್ಚೆ ಮುಗಿದಿಲ್ಲ. ಆದರೂ ಓದುವಾಗ ಈ ಅರಿವು ಕೈಹಿಡಿಯುತ್ತದೆ. ಹಾಗೆಯೇ "ಇವಳು ನನ್ನ ಅಕ್ಕ" ಅನ್ನುವಂಥ, ಕ್ರಿಯಾಪದವೇ ಇಲ್ಲದ ವಾಕ್ಯ ಈಜಿಪ್ಟ್ ಭಾಷೆಯಲ್ಲೂ ಇದೆ. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಇದನ್ನು ಅರಗಿಸಿಕೊಳ್ಳಲು ಹೊತ್ತು ಬೇಕು. ನಾವು ದಿನಾ ಹೀಗೇ ಮಾತಾಡುತ್ತೇವೆ.

ಹಾಗಾದರೆ ಯಾವುದು ಕೊಳ್ಳಬೇಕು? ಎಲ್ಲರಿಗೂ ಒಂದೇ ಪುಸ್ತಕ ಹೊಂದುವುದಿಲ್ಲ. ಮ್ಯೂಸಿಯಂಗೆ ಹೋದಾಗ ಕಲ್ಲಿನ ಮೇಲಿರುವುದನ್ನು ಬೇಗ ಓದಬೇಕು ಅನ್ನುವವರಿಗೆ ಕೊಲಿಯರ್ ಮತ್ತು ಮ್ಯಾನ್ಲಿ 1998ರಲ್ಲಿ ತಂದ 'ಹೌ ಟು ರೀಡ್ ಈಜಿಪ್ಷಿಯನ್ ಹೈರೋಗ್ಲಿಫ್ಸ್' ಹೇಳುತ್ತೇನೆ. ಬ್ರಿಟಿಷ್ ಮ್ಯೂಸಿಯಂನ ನಿಜವಾದ ಶಿಲೆಗಳನ್ನೇ ಇಟ್ಟುಕೊಂಡು ಪಾಠ ಮಾಡುತ್ತಾರೆ. ರಾಜನ ಹೆಸರಲ್ಲಿ ಸತ್ತವರಿಗೆ ಎಡೆ ಅರ್ಪಿಸುವ ವಾಕ್ಯ ಸಾವಿರಾರು ಸಮಾಧಿಗಳಲ್ಲಿ ಇದೆ, ಅದನ್ನು ಓದುವುದನ್ನು ಬೇಗನೆ ಕಲಿಸುತ್ತಾರೆ. ನಮ್ಮ ಮೇಷ್ಟ್ರು ಇದನ್ನು ಹಿಡಿದ ಮೇಲೆ ಒಂದು ಶಿಲೆಯ ಫೋಟೋ ನೋಡಿ ಸತ್ತವನ ಹೆಸರು, ಅವನ ತಾಯಿಯ ಹೆಸರು ಎರಡನ್ನೂ ತಾವೇ ಓದಿದರು. ಅವತ್ತು ತರಗತಿ ಮುಗಿದರೂ ಅವರು ಎದ್ದು ಹೋಗಲಿಲ್ಲ.

ವ್ಯಾಕರಣವನ್ನು ಬುಡದಿಂದ ಕಲಿಯಬೇಕು, ಸಮಯ ಇದೆ ಅನ್ನುವವರಿಗೆ ಜೇಮ್ಸ್ ಆ್ಯಲನ್ ಅವರ 'ಮಿಡಲ್ ಈಜಿಪ್ಷಿಯನ್'. 2014ರ ಮೂರನೇ ಆವೃತ್ತಿಯನ್ನೇ ತೆಗೆದುಕೊಳ್ಳಿ. ಕ್ರಿಯಾಪದದ ವಿವರಣೆಯನ್ನು ಅದರಲ್ಲಿ ತುಂಬಾ ಬದಲಿಸಿದ್ದಾರೆ. ಹಳೆಯ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ಓದಿದರೆ ತಲೆ ಕೆಡುತ್ತದೆ. ಗಾರ್ಡಿನರ್ ಮೊದಲ ಪುಸ್ತಕವಾಗಿ ಭಾರ, ಆದರೆ ಅದರ ಚಿಹ್ನೆಗಳ ಪಟ್ಟಿ ಬೇಕೇ ಬೇಕು. ಕುಳಿತ ಗಂಡಸು ಎ1, ಗೂಬೆ ಜಿ17 ಅಂತ ಅವರು ಕೊಟ್ಟ ಸಂಖ್ಯೆಗಳನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ದುಡ್ಡು ಖರ್ಚು ಮಾಡಲು ಆಗದವರಿಗೂ ದಾರಿ ಇದೆ. ಬರ್ಲಿನ್‌ನವರ 'ಥೆಸಾರಸ್ ಲಿಂಗ್ವೇ ಈಜಿಪ್ಟಿಯೇ' ಜಾಲತಾಣದಲ್ಲಿ ಪದಗಳೂ ಪಠ್ಯಗಳೂ ಉಚಿತ.

ಇನ್ನೊಂದು ಮಾತು ನಮ್ಮವರಿಗಾಗಿಯೇ. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೆಯ ಊರಿನಲ್ಲಿ ಸಿಕ್ಕ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂದು ಶಾಸನತಜ್ಞ ಹುಲ್ಟ್ಸ್ ಹೇಳಿದರು, ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಅದು ಕನ್ನಡ ಹೌದೋ ಅಲ್ಲವೋ ಅನ್ನುವ ವಾದ ಇನ್ನೂ ಇದೆ. ಅದನ್ನು ಓದಬೇಕು ಅಂತಲೇ ನನ್ನಲ್ಲಿಗೆ ಬರುವವರಿದ್ದಾರೆ. ಆ ಪಪೈರಸ್ ಇರುವುದು ಗ್ರೀಕ್ ಲಿಪಿಯಲ್ಲಿ. ಅದಕ್ಕೆ ಗ್ರೀಕ್ ಕಲಿಯಿರಿ.

ಮಧ್ಯ ಈಜಿಪ್ಟಿಯನ್, ಅಂದರೆ ಈ ಪುಸ್ತಕಗಳು ಕಲಿಸುವ ಹಂತದ ಭಾಷೆ, ಹಿಡಿದವರು ಕೊಲಿಯರ್-ಮ್ಯಾನ್ಲಿ ಮುಗಿಸಿ ಆ್ಯಲನ್ ಅರ್ಧ ದಾಟಿದ ಮೇಲೆ ಹಡಗು ಒಡೆದ ನಾವಿಕನ ಕಥೆ ಶುರು ಮಾಡಬಹುದು. ಅದರ ಒಂದೇ ಒಂದು ಪಪೈರಸ್ ಉಳಿದಿದೆ, ರಷ್ಯಾದಲ್ಲಿ ಇದೆ. ವಾಕ್ಯಗಳು ಚಿಕ್ಕವು, ಮಾತನಾಡುವ ಹಾವೂ ಇದೆ. ದಿನಕ್ಕೆ ಎರಡು ಮೂರು ಸಾಲು ಓದಿದರೆ ಸಾಕು. ಸಿಕ್ಕಿಕೊಂಡ ಸಾಲುಗಳನ್ನು ಬರೆದಿಟ್ಟು ತನ್ನಿ, ಒಟ್ಟಿಗೆ ಬಿಡಿಸೋಣ.