ಮ್ಯಾಕ್ಸ್ ವಾಪಸ್ ಬಂದಳು, ಕ್ಲೋಯಿ ಎಲ್ಲಿ?

ಗೇಮ್‌ಗಳಿಗೆ ಕಥೆ, ಸಂಭಾಷಣೆ ಬರೆಯುವುದು ನನ್ನ ಕೆಲಸ. ‘ಲೈಫ್ ಈಸ್ ಸ್ಟ್ರೇಂಜ್: ಡಬಲ್ ಎಕ್ಸ್‌ಪೋಷರ್’ ಎಂಬ ವಿಡಿಯೋ ಗೇಮ್ ಬಂದ ಮೇಲೆ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ‘ಮೊದಲ ಭಾಗದಲ್ಲಿ ಎರಡು ಎಂಡಿಂಗ್ ಕೊಟ್ಟರು. ಎರಡರಿಂದಲೂ ಕಥೆ ಮುಂದುವರಿಸಿದ್ದರೆ ಆಗುತ್ತಿತ್ತು, ಅಷ್ಟೇ ಅಲ್ವಾ?’ ಅಷ್ಟೇ ಅಲ್ಲ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಹಾಗೆ ಕೇಳುವವರ ನೋವು ಸುಳ್ಳು ಅಂತ ಮಾತ್ರ ನಾನು ಹೇಳುತ್ತಿಲ್ಲ. ಅಂದಹಾಗೆ, ಈ ಸರಣಿಯನ್ನು ಇನ್ನೂ ಆಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಮುಂದೆ ಕಥೆಯ ಗುಟ್ಟೆಲ್ಲ ಹೊರಬೀಳುತ್ತದೆ.

2015ರ ಮೊದಲ ಗೇಮ್ ಮಾಡಿದ್ದು ಫ್ರಾನ್ಸಿನ ಡೋಂಟ್‌ನಾಡ್. ಐದು ಕಂತು. ಹದಿನೆಂಟರ ಹುಡುಗಿ ಮ್ಯಾಕ್ಸ್‌ಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಬರುತ್ತದೆ. ಶಾಲೆಯ ಬಾತ್‌ರೂಮಿನಲ್ಲಿ ಗುಂಡೇಟು ತಿಂದ ಗೆಳತಿ ಕ್ಲೋಯಿಯನ್ನು ಆ ಶಕ್ತಿಯಿಂದಲೇ ಉಳಿಸುತ್ತಾಳೆ. ಕೊನೆಗೆ ಅವರ ಊರು ಆರ್ಕೇಡಿಯಾ ಬೇಯನ್ನೇ ನುಂಗುವ ಬಿರುಗಾಳಿ ಬರುತ್ತದೆ. ಮ್ಯಾಕ್ಸ್ ಕೈಯಲ್ಲಿ ನೀಲಿ ಚಿಟ್ಟೆಯ ಫೋಟೋ ಇರುತ್ತದೆ. ಆ ಫೋಟೋ ಮೂಲಕ ಹಿಂದಕ್ಕೆ ಹೋಗಿ ಕ್ಲೋಯಿಯನ್ನು ಸಾಯಲು ಬಿಟ್ಟರೆ ಆರ್ಕೇಡಿಯಾ ಬೇ ಉಳಿಯುತ್ತದೆ. ಹರಿದು ಎಸೆದರೆ ಕ್ಲೋಯಿ ಉಳಿಯುತ್ತಾಳೆ, ಊರು ಹೋಗುತ್ತದೆ. ಬಟನ್ ಒತ್ತಬೇಕಾದವರು ನಾವೇ. ಆ ಜಾಗದಲ್ಲಿ ಗೇಮ್ ನಿಲ್ಲಿಸಿ ಎದ್ದುಹೋದವರು, ಮಾರನೇ ದಿನ ಬಂದು ಒತ್ತಿದವರು ನನಗೆ ಗೊತ್ತು.

ಈಗ 2024ರ ಗೇಮ್. ಇದನ್ನು ಮಾಡಿದ್ದು ಅಮೆರಿಕದ ಡೆಕ್ ನೈನ್. ಸುಮಾರು ಹತ್ತು ವರ್ಷ ಕಳೆದಿದೆ. ಮ್ಯಾಕ್ಸ್ ವರ್ಮಾಂಟ್‌ನ ಕ್ಯಾಲೆಡನ್ ವಿಶ್ವವಿದ್ಯಾಲಯದಲ್ಲಿ ಫೋಟೋಗ್ರಾಫರ್. ಹೊಸ ಗೆಳತಿ ಸಾಫಿ ಗುಂಡೇಟಿಗೆ ಸಾಯುತ್ತಾಳೆ. ಸಾಫಿ ಬದುಕಿರುವ ಇನ್ನೊಂದು ಟೈಮ್‌ಲೈನ್ ತೆರೆದುಕೊಳ್ಳುತ್ತದೆ, ಮ್ಯಾಕ್ಸ್ ಎರಡರ ನಡುವೆ ಓಡಾಡುತ್ತಾಳೆ. ಕ್ಲೋಯಿ ಏನಾದಳು ಅನ್ನುವುದನ್ನು ಶುರುವಿನ ಒಂದು ಮಾತುಕತೆಯಲ್ಲಿ ನಾವೇ ಹೇಳಬೇಕು. ಸತ್ತಳು ಎನ್ನಬಹುದು, ಇಬ್ಬರೂ ದೂರವಾದೆವು ಎನ್ನಬಹುದು. ಜೊತೆಯಲ್ಲೇ ಇದ್ದಾಳೆ ಎನ್ನುವ ಉತ್ತರವೇ ಇಲ್ಲ.

ಜೊತೆಯಲ್ಲೇ ಇದ್ದಾಳೆ ಅಂತ ಇಟ್ಟುಕೊಳ್ಳಿ. ಸಾಫಿ ಸತ್ತ ರಾತ್ರಿ ಮ್ಯಾಕ್ಸ್ ಮೊದಲು ಯಾರಿಗೆ ಫೋನ್ ಮಾಡುತ್ತಾಳೆ? ಯಾರಿಗಾಗಿ ಒಂದು ಊರನ್ನೇ ಬಿಟ್ಟುಕೊಟ್ಟಳೋ ಅವಳಿಗೇ. ಕ್ಲೋಯಿ ಸುಮ್ನೆ ಮನೆಯಲ್ಲಿ ಕೂರುವ ಹುಡುಗಿಯಲ್ಲ. ಬೆಳಗಾಗುವುದರೊಳಗೆ ಕ್ಯಾಂಪಸ್ಸಿಗೆ ಬಂದಿರುತ್ತಾಳೆ. ಅಲ್ಲಿಂದ ಮುಂದೆ ಪ್ರತಿ ಸೀನಿನಲ್ಲೂ ಅವಳಿರಬೇಕು. ಪೊಲೀಸರು ಪ್ರಶ್ನೆ ಕೇಳಿದರೆ ಅವಳು ನಡುವೆ ಬಾಯಿ ಹಾಕಬೇಕು. ಬಾರಿನ ಅಮಾಂಡಾ ಜೊತೆ, ಕ್ಯಾಂಪಸ್ಸಿನ ವಿನ್ ಜೊತೆ ಹೊಸ ಪ್ರೀತಿಗೆ ಗೇಮ್ ತೆರೆದಿಟ್ಟ ದಾರಿ ಅಲ್ಲಿಗೇ ಮುಚ್ಚುತ್ತದೆ. ಇನ್ನು ಕ್ಲೋಯಿ ಸತ್ತ ದಾರಿಯಲ್ಲಿ ಇದ್ಯಾವುದೂ ಇರುವ ಹಾಗಿಲ್ಲ.

ಇಲ್ಲೇ ಜನ ಎಡವುವುದು. ‘ಡೈಲಾಗ್ ಜಾಸ್ತಿ ಬರೆದರಾಯಿತು’ ಅನ್ನುತ್ತಾರೆ. ಬರೆಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ. ನಾನು ಒಂದು ಸಾಲು ಸೇರಿಸಿದರೆ ಕಲಾವಿದರು ಅದನ್ನು ಮಾತಾಡಬೇಕು, ಮುಖದ ಭಾವ ಹಿಡಿಯಬೇಕು, ಅನಿಮೇಷನ್ ತಿದ್ದಬೇಕು, ಬೇರೆ ಬೇರೆ ಭಾಷೆಗೆ ಹೋಗಬೇಕು. ಆಮೇಲೆ ಟೆಸ್ಟಿಂಗ್ ತಂಡ ಪ್ರತಿ ದಾರಿಯಲ್ಲೂ ನಡೆದು ನೋಡಬೇಕು. ಡಬಲ್ ಎಕ್ಸ್‌ಪೋಷರ್‌ನಲ್ಲಿ ಒಂದೇ ಜಾಗ ಆಗಲೇ ಎರಡು ಸಲ ಕಟ್ಟಿದ್ದಾರೆ. ಸಾಫಿ ಸತ್ತ ಕಡೆ ದುಃಖ, ಬದುಕಿರುವ ಕಡೆ ಕ್ರಿಸ್ಮಸ್ ಸಡಗರ. ಅದರ ಮೇಲೆ ಕ್ಲೋಯಿ ಇರುವ ದಾರಿ, ಇಲ್ಲದ ದಾರಿ ಎಂದರೆ ನಾಲ್ಕಾಗುತ್ತದೆ. ಪ್ರತಿ ಸ್ಟುಡಿಯೋದ ಲೆಕ್ಕ ಬೇರೆ, ನಿಜ. ಆದರೆ ಎರಡರಿಂದ ನಾಲ್ಕಕ್ಕೆ ಹಾರುವುದು ಯಾವ ಬಜೆಟ್ಟಿಗೂ ಹಗುರವಲ್ಲ.

ಬೆಂಗಳೂರಿನಲ್ಲಿ ಒಬ್ಬ ಕ್ಲೈಂಟ್ ಇದ್ದರು. ಒಳ್ಳೆಯ ಮನುಷ್ಯ, ಕಥೆ ಅಂದರೆ ಪ್ರಾಣ. ಅವರ ಮೊಬೈಲ್ ಗೇಮ್‌ಗೆ ಮೂರು ಎಂಡಿಂಗ್ ಇದ್ದವು. ‘ಸರ್, ಭಾಗ ಎರಡು ಮೂರಕ್ಕೂ ಹೊಂದೋ ಹಾಗೆ ಮಾಡಿಬಿಡಿ’ ಅಂದರು. ನಾನು ಒಂದು ಹಾಳೆ ತೆಗೆದು ಮೊದಲ ಸೀನ್ ಮಾತ್ರ ಬರೆದೆ. ಬೆಳಗ್ಗೆ, ಹುಡುಗ ಎದ್ದ, ಅಮ್ಮ ಕಾಫಿ ತಂದುಕೊಟ್ಟರು. ಒಂದು ಎಂಡಿಂಗ್‌ನಲ್ಲಿ ಅಮ್ಮ ತೀರಿಕೊಂಡಿದ್ದಾರೆ. ಇನ್ನೊಂದರಲ್ಲಿ ಮಗನ ಜೊತೆ ಮಾತು ಬಿಟ್ಟಿದ್ದಾರೆ. ಮೂರನೆಯದರಲ್ಲಿ ಮಾತ್ರ ಎಲ್ಲ ಸರಿಯಿದೆ. ‘ಕಾಫಿ ಯಾರು ಕೊಡ್ತಾರೆ ಹೇಳಿ’ ಅಂದೆ. ಅವರು ತುಂಬಾ ಹೊತ್ತು ಹಾಳೆ ನೋಡಿದರು. ‘ಹಾಗಾದ್ರೆ ಕಾಫಿ ಸೀನೇ ಬೇಡ ಬಿಡಿ ಸರ್.’

ಎಲ್ಲ ಕಡೆ ಆಗುವುದು ಇದೇ. ಯಾವ ಸೀನ್ ಹೊಂದುವುದಿಲ್ಲವೋ ಅದನ್ನು ತೆಗೆಯುತ್ತಾರೆ. ಮೊದಲ ಭಾಗ ಯಾರ ಮೇಲೆ ನಿಂತಿತ್ತೋ ಅವರನ್ನೇ ಮೊದಲು ಆಚೆ ಕಳಿಸುತ್ತಾರೆ. ಟೆಲ್‌ಟೇಲ್ ಕಂಪನಿಯ ‘ದಿ ವಾಕಿಂಗ್ ಡೆಡ್’ ಆಡಿದವರಿಗೆ ನೆನಪಿರಬೇಕು. ಎರಡನೇ ಸೀಸನ್ನಿನ ಕೊನೆಯಲ್ಲಿ ಪುಟ್ಟ ಕ್ಲೆಮೆಂಟೈನ್ ಕೆನ್ನಿ ಜೊತೆ ಹೋಗಬಹುದಿತ್ತು, ಜೇನ್ ಜೊತೆ ಹೋಗಬಹುದಿತ್ತು. 2016ರಲ್ಲಿ ಮೂರನೇ ಸೀಸನ್ ಶುರುವಾದಾಗ ಕೆನ್ನಿಯೂ ಸತ್ತ, ಜೇನ್ ಕೂಡ ಸತ್ತಳು. ಎರಡೂ ಸಣ್ಣ ಫ್ಲ್ಯಾಶ್‌ಬ್ಯಾಕ್‌ಗಳಲ್ಲಿ ಮುಗಿದುಹೋದವು. ಬೇರೆ ಬೇರೆ ದಾರಿಯಿಂದ ಬಂದ ಕ್ಲೆಮೆಂಟೈನ್‌ಗಳನ್ನು ಒಂದೇ ಜಾಗಕ್ಕೆ ತಂದು ನಿಲ್ಲಿಸುವುದು ಬರೆಯುವವರಿಗೆ ಬೇಕಾಗಿತ್ತು.

ಹಾಗಂತ ಡಬಲ್ ಎಕ್ಸ್‌ಪೋಷರ್ ತಂಡದ ಪರ ವಾದ ಮಾಡುತ್ತಿಲ್ಲ. ಮ್ಯಾಕ್ಸ್, ಕ್ಲೋಯಿ ಇಬ್ಬರೂ ದೂರವಾದರು ಅನ್ನುವುದನ್ನು ನಾನು ನಂಬುತ್ತೇನೆ. ಹದಿನೆಂಟಕ್ಕೆ ಜೊತೆಯಾದವರು ಇಪ್ಪತ್ತೆಂಟಕ್ಕೆ ಬೇರೆಯಾಗುವುದು ಲೋಕದಲ್ಲಿ ಇದ್ದದ್ದೇ. ಅದರಲ್ಲೂ ಒಂದು ಊರಿನ ಸಾವು ತಲೆಯ ಮೇಲಿದ್ದರೆ ಸಂಸಾರ ಹೇಗೆ ನಡೆಯಬೇಕು ಹೇಳಿ. ನನ್ನ ತಕರಾರು ಅದನ್ನು ತೋರಿಸದೇ ಬರೀ ಹೇಳಿದ್ದಕ್ಕೆ. ಐದು ಕಂತು ಕೂತು ಆಡಿ, ಕೈ ನಡುಗಿಸಿಕೊಂಡು ಬಟನ್ ಒತ್ತಿದವರಿಗೆ, ಆಗಿಹೋದ ಸುದ್ದಿಯ ಹಾಗೆ ನಾಲ್ಕು ಮಾತಿನಲ್ಲಿ ಮುಗಿಸುವುದು ಸರಿಯಲ್ಲ.

ಇದೇ ಸರಣಿ ಇದನ್ನು ಒಮ್ಮೆ ಚೆನ್ನಾಗಿ ಮಾಡಿತ್ತು. 2018ರಲ್ಲಿ ಶುರುವಾದ ಎರಡನೇ ಭಾಗದಲ್ಲಿ ಮ್ಯಾಕ್ಸ್ ಕಥೆಯಿಲ್ಲ. ಸಿಯಾಟಲ್‌ನಿಂದ ಮೆಕ್ಸಿಕೋ ಕಡೆ ಓಡುವ ಇಬ್ಬರು ಅಣ್ಣತಮ್ಮಂದಿರ ಕಥೆ. ಆದರೂ ಶುರುವಿನಲ್ಲಿ ಗೇಮ್ ನಮ್ಮನ್ನು ಕೇಳುತ್ತದೆ, ಆರ್ಕೇಡಿಯಾ ಬೇ ಉಳಿಯಿತಾ, ಹೋಯಿತಾ? ಮೊದಲ ಕಂತಿನಲ್ಲಿ ದಾರಿಬದಿಯಿಂದ ಊರು ಕಾಣುತ್ತದೆ, ನಿಮ್ಮ ಉತ್ತರದಂತೆ ಇಡಿಯಾಗಿ ಅಥವಾ ಪಾಳುಬಿದ್ದು. ಕೊನೆಯ ಕಂತಿನಲ್ಲಿ ಕ್ಲೋಯಿಯ ಮಲತಂದೆ ಡೇವಿಡ್ ಸಿಗುತ್ತಾನೆ. ಕ್ಲೋಯಿ ಉಳಿದಿದ್ದರೆ ಅವನ ಬಳಿ ಅವಳು, ಮ್ಯಾಕ್ಸ್ ಇಬ್ಬರೂ ಇರುವ ಫೋಟೋ ಇರುತ್ತದೆ. ಎರಡು ಜಾಗ, ಅಷ್ಟೇ. ಕಥೆ ಬೇರೆಯವರದ್ದಾದ್ದರಿಂದ ಖರ್ಚು ಕಡಿಮೆ. ಆಡುವವರ ಮನಸ್ಸಿಗೆ ಮಾತ್ರ ತಲುಪುತ್ತದೆ. ನನ್ನ ಕ್ಲೈಂಟ್‌ಗೂ ಇದನ್ನೇ ತೋರಿಸಿದೆ. ಭಾಗ ಎರಡು ಈಗ ಪಕ್ಕದ ಬೀದಿಯ ಹುಡುಗಿಯ ಕಥೆ. ಅಮ್ಮ ಒಂದೇ ಸೀನಿನಲ್ಲಿ ಬರುತ್ತಾರೆ, ಮೂರು ಥರ.

ಮ್ಯಾಕ್ಸ್‌ನ್ನೇ ಮತ್ತೆ ನಾಯಕಿ ಮಾಡಿದಾಗ ಆ ಅನುಕೂಲ ಕೈತಪ್ಪಿತು. ಆಗಲೂ ಕ್ಲೋಯಿ ಬದುಕಿರುವ ದಾರಿಯಲ್ಲಿ ಬೇರೆಯಾದ ಆ ದಿನವನ್ನು ಒಂದು ಸೀನಿನಲ್ಲಿ ನಮ್ಮ ಕೈಯಲ್ಲೇ ಆಡಿಸಬಹುದಿತ್ತು. ಅದರಿಂದ ಎಲ್ಲರ ಸಿಟ್ಟೂ ಇಳಿಯುತ್ತಿತ್ತು ಅಂತ ಖಾತ್ರಿ ಕೊಡಲಾರೆ, ಟೆಲ್‌ಟೇಲ್ ತೋರಿಸಿಯೂ ಬೈಸಿಕೊಂಡಿತು. ಆದರೂ ಜಗಳವಾಡಲು ಒಂದು ಸೀನಾದರೂ ಸಿಗುತ್ತಿತ್ತು.

ಇದನ್ನು ಆಡಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ, ಆಡಿ. ಹ್ಯಾನಾ ಟೆಲ್ ಮತ್ತೆ ಮ್ಯಾಕ್ಸ್‌ಗೆ ದನಿ ಕೊಟ್ಟಿದ್ದಾರೆ, ಆ ದನಿಯಲ್ಲಿ ವಯಸ್ಸಾಗಿರುವುದು ಕೇಳಿಸುತ್ತದೆ. 2015ರಲ್ಲಿ ಊರನ್ನು ಉಳಿಸಿಕೊಂಡವರಿಗೆ ಈ ಕಥೆ ಸರಿಯಾಗಿ ಕೂರುತ್ತದೆ. ಗೆಳತಿಯೊಬ್ಬಳನ್ನು ಗುಂಡಿಗೆ ಬಿಟ್ಟುಕೊಟ್ಟವಳು ಇನ್ನೊಬ್ಬಳನ್ನು ಯಾಕೆ ಬಿಡಲೊಲ್ಲಳು ಅನ್ನುವುದು ಅವರಿಗೆ ಬಿಡಿಸಿ ಹೇಳುವುದೇ ಬೇಡ. ಫೋಟೋ ಹರಿದವರು ಮಾತ್ರ ಮೊದಲ ಅಧ್ಯಾಯದಲ್ಲೇ ಬೇಜಾರಿಗೆ ತಯಾರಾಗಿರಿ.