ಹಕ್ಕಿದೆ, ಜಾಗವಿಲ್ಲ: ಐಸ್ ಹಾಕಿಯ ಕಿರಿಯರ ಒಪ್ಪಂದದ ಲೆಕ್ಕ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಜುಲೈ 1 ಎಂದರೆ ಸಂತೆಯ ದಿನ. ಒಪ್ಪಂದ ಮುಗಿದ, ಯಾವ ತಂಡಕ್ಕೂ ಸೇರದ ಹಿರಿಯ ಆಟಗಾರರನ್ನು ತಂಡಗಳು ಮುಗಿಬಿದ್ದು ಕೊಳ್ಳುತ್ತವೆ. ಅದೇ ಹೊತ್ತಿನಲ್ಲಿ ಆ ತಂಡಗಳದ್ದೇ ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹುಡುಗರು ಒಪ್ಪಂದವಿಲ್ಲದೆ ಮನೆಯಲ್ಲಿ ಕಾಯುತ್ತಿರುತ್ತಾರೆ. ಅವರ ಸರದಿ ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ಬರುತ್ತದೆ. ಅವರು ಬೇರೆಲ್ಲೂ ಹೋಗಲಾರರು ಎಂಬ ಧೈರ್ಯ ಮ್ಯಾನೇಜರುಗಳಿಗೆ.

ಟೊರಾಂಟೊದಲ್ಲಿ ಆಟಗಾರರ ಏಜೆಂಟರಿಗಾಗಿ ಒಪ್ಪಂದಗಳ ಲೆಕ್ಕ ಹಾಕಿಕೊಡುವುದು ನನ್ನ ವೃತ್ತಿ. ಹಾಗಾಗಿ ನಾನು ಮೇಜಿನ ಯಾವ ಬದಿಯಲ್ಲಿ ಕೂರುತ್ತೇನೆ ಎಂಬುದು ಓದುಗರಿಗೆ ಗೊತ್ತಿರಲಿ. ಆದರೆ ಮ್ಯಾನೇಜರುಗಳ ಆ ಧೈರ್ಯ ಆಟಗಾರನಿಗಿಂತ ಹೆಚ್ಚಾಗಿ ತಂಡಕ್ಕೇ ಹಾನಿ ಮಾಡುತ್ತದೆ ಎಂದು ಎದುರು ಬದಿಯಲ್ಲಿ ಕುಳಿತಿದ್ದರೂ ನಾನು ಹೇಳುತ್ತಿದ್ದೆ.

ಮೊದಲು ನಿಯಮ. ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ ಲೀಗಿಗೆ ಬರುವ ಹುಡುಗನ ಮೊದಲ ಒಪ್ಪಂದ ಮೂರು ವರ್ಷದ್ದು. ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಇರುತ್ತದೆ. ಅದು ಮುಗಿದಾಗ ಅವನು ಪೂರ್ತಿ ಸ್ವತಂತ್ರನಾಗುವುದಿಲ್ಲ. ಇಪ್ಪತ್ತೇಳು ವರ್ಷ ತುಂಬುವವರೆಗೆ, ಇಲ್ಲವೇ ಲೀಗಿನಲ್ಲಿ ಏಳು ಋತು ಪೂರೈಸುವವರೆಗೆ ಅವನು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್, ಅಂದರೆ ನಿರ್ಬಂಧಿತ ಸ್ವತಂತ್ರ ಆಟಗಾರ. ಜೂನ್ ಕೊನೆಯೊಳಗೆ ತಂಡ ಅವನಿಗೆ ಕ್ವಾಲಿಫೈಯಿಂಗ್ ಆಫರ್ ಎಂಬ ಕನಿಷ್ಠ ಪ್ರಸ್ತಾವವನ್ನು ಕೊಡಬೇಕು. ಕೊಡದಿದ್ದರೆ ಅವನು ಬಂಧಮುಕ್ತ. ಕೊಟ್ಟರೆ, ಅವನು ಒಪ್ಪದಿದ್ದರೂ ಅವನ ಮೇಲಿನ ಹಕ್ಕು ತಂಡದಲ್ಲೇ ಉಳಿಯುತ್ತದೆ. ಆಮೇಲೆ ಅವನಿಗಿರುವ ದಾರಿಗಳು ಕೆಲವೇ: ಸಾಕಷ್ಟು ಅನುಭವವಿದ್ದರೆ ಮಧ್ಯಸ್ಥಿಕೆದಾರರ ಮೊರೆ ಹೋಗಬಹುದು, ಬೇರೆ ತಂಡ ಮುಂದೆ ಬಂದರೆ ಅದು ಬರೆದುಕೊಡುವ ಒಪ್ಪಂದದ ಪ್ರಸ್ತಾವಕ್ಕೆ, ಅಂದರೆ ಆಫರ್ ಶೀಟ್‌ಗೆ, ಸಹಿ ಹಾಕಬಹುದು, ಎರಡೂ ಇಲ್ಲದಿದ್ದರೆ ಮನೆಯಲ್ಲಿ ಕೂರಬಹುದು. ಡಿಸೆಂಬರ್ 1ರ ಸಂಜೆಯೊಳಗೆ ಸಹಿ ಬೀಳದಿದ್ದರೆ ಆ ಋತುವಿನಲ್ಲಿ ಅವನು ಆಡುವಂತೆಯೇ ಇಲ್ಲ.

ಐಪಿಎಲ್ ಹರಾಜು ನೋಡುವವರಿಗೆ ಆಫರ್ ಶೀಟ್ ಸುಲಭವಾಗಿ ಅರ್ಥವಾಗುತ್ತದೆ. ಅದು ಆರ್‌ಟಿಎಂ ಕಾರ್ಡ್‌ನ ಹತ್ತಿರದ ನೆಂಟ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ವಿಲ್ ಜ್ಯಾಕ್ಸ್‌ಗೆ ಮುಂಬೈ 5.25 ಕೋಟಿ ರೂಪಾಯಿ ಕೂಗಿದಾಗ ಮುಂಬೈನ ಕೊನೆಯ ಬೆಲೆಯನ್ನೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಅವನ ಹಳೆಯ ತಂಡ ಆರ್‌ಸಿಬಿಗಿತ್ತು. ಆರ್‌ಸಿಬಿ ಅದನ್ನು ಬಳಸಲಿಲ್ಲ. ಹಾಕಿಯಲ್ಲಿ ಎರಡು ವ್ಯತ್ಯಾಸಗಳಿವೆ. ಸರಿಗಟ್ಟಬೇಕೇ ಎಂದು ಯೋಚಿಸಲು ಹಳೆಯ ತಂಡಕ್ಕೆ ಏಳು ದಿನ ಸಿಗುತ್ತದೆ. ಬಿಟ್ಟುಕೊಟ್ಟ ತಂಡಕ್ಕೆ ಕೊಂಡ ತಂಡದ ಮುಂದಿನ ಡ್ರಾಫ್ಟ್ ಆಯ್ಕೆಗಳು, ಅಂದರೆ ಹೊಸ ಹುಡುಗರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವಾಗಿನ ಸರದಿಗಳು, ಪರಿಹಾರವಾಗಿ ಬರುತ್ತವೆ.

ಇಡೀ ಲೆಕ್ಕ ಕೂರುವುದು ಸ್ಯಾಲರಿ ಕ್ಯಾಪ್ ಎಂಬ ವೇತನ ಮಿತಿಯ ಮೇಲೆ. 2004-05ರ ಇಡೀ ಋತುವನ್ನು ನುಂಗಿದ ಮಾಲೀಕರ ಲಾಕೌಟ್‌ನ ನಂತರ ಇದು ಬಂತು. 2005-06ರಲ್ಲಿ ಪ್ರತಿ ತಂಡದ ಮಿತಿ 3.9 ಕೋಟಿ ಡಾಲರ್; 2024-25ರಲ್ಲಿ 8.8 ಕೋಟಿ. ಮಾಲೀಕ ಎಷ್ಟೇ ಶ್ರೀಮಂತನಾದರೂ ಇದನ್ನು ಮೀರುವಂತಿಲ್ಲ. ಆಟಗಾರನ ಮೇಲೆ ಹಕ್ಕಿದ್ದರೆ ಸಾಲದು, ಆ ಹಕ್ಕನ್ನು ಚಲಾಯಿಸಲು ಮಿತಿಯೊಳಗೆ ಜಾಗವೂ ಬೇಕು. ಜಾಗವಿಲ್ಲದ ಹಕ್ಕಿನ ಗತಿ ಏನೆಂದು ಎಡ್ಮಂಟನ್ ಆಯ್ಲರ್ಸ್ 2024ರಲ್ಲಿ ಕಂಡಿತು.

ಆ ವರ್ಷ ಜೂನ್ 24ರಂದು ಎಡ್ಮಂಟನ್ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ನ ಏಳನೇ ಪಂದ್ಯವನ್ನು ಫ್ಲಾರಿಡಾ ಎದುರು 2-1ರಿಂದ ಸೋತಿತ್ತು. ಇನ್ನೊಂದೇ ಹೆಜ್ಜೆ ಎಂಬ ಭಾವ ಊರಿಗೆಲ್ಲ ಇತ್ತು. ಜುಲೈ 1ರಂದು ತಂಡ ಜೆಫ್ ಸ್ಕಿನ್ನರ್‌ಗೆ ಒಂದು ವರ್ಷಕ್ಕೆ 30 ಲಕ್ಷ ಡಾಲರ್, ವಿಕ್ಟರ್ ಆರ್ವಿಡ್ಸನ್‌ಗೆ ವರ್ಷಕ್ಕೆ 40 ಲಕ್ಷದಂತೆ ಎರಡು ವರ್ಷ, ತನ್ನದೇ ಆಡಮ್ ಹೆನ್ರಿಕ್‌ಗೆ ವರ್ಷಕ್ಕೆ 30 ಲಕ್ಷದಂತೆ ಎರಡು ವರ್ಷದ ಒಪ್ಪಂದ ಕೊಟ್ಟಿತು. ಮೂವರೂ ಮೂವತ್ತು ದಾಟಿದವರು. ಇಬ್ಬರು ಹುಡುಗರ ಕಡತ ಮಾತ್ರ ಹಾಗೇ ಉಳಿಯಿತು: ರಕ್ಷಣಾ ಆಟಗಾರ ಫಿಲಿಪ್ ಬ್ರೋಬರ್ಗ್, ಮುಂಪಡೆಯ ಡಿಲನ್ ಹಾಲೊವೇ. ಇಬ್ಬರೂ ಮೊದಲ ಸುತ್ತಿನಲ್ಲಿ ಆರಿಸಿದವರು. ಬ್ರೋಬರ್ಗ್ 2019ರ ಎಂಟನೆಯ ಆಯ್ಕೆ, ಹಾಲೊವೇ 2020ರ ಹದಿನಾಲ್ಕನೆಯವನು.

ಆಗಸ್ಟ್ 13ರಂದು ಸೇಂಟ್ ಲೂಯಿಸ್ ಬ್ಲೂಸ್ ಒಂದೇ ದಿನ ಇಬ್ಬರಿಗೂ ಆಫರ್ ಶೀಟ್ ಕೊಟ್ಟಿತು. ಬ್ರೋಬರ್ಗ್‌ಗೆ ವರ್ಷಕ್ಕೆ 45,80,917 ಡಾಲರ್, ಹಾಲೊವೇಗೆ 22,90,457. ಎರಡೂ ಎರಡು ವರ್ಷದ ಒಪ್ಪಂದಗಳು. ಈ ಬಿಡಿ ಅಂಕಿಗಳನ್ನು ಕಂಡಾಗ ನನಗೆ ಆ ಕಚೇರಿಯ ಲೆಕ್ಕಿಗರ ಮೇಲೆ ಗೌರವ ಹುಟ್ಟಿತು. ಪರಿಹಾರದ ಪಟ್ಟಿಯಲ್ಲಿ ಪ್ರತಿ ಮೊತ್ತಕ್ಕೂ ಒಂದು ಮೆಟ್ಟಿಲು ಇರುತ್ತದೆ. ಆ ವರ್ಷ 45,80,917 ಡಾಲರ್‌ವರೆಗೆ ಒಂದು ಎರಡನೇ ಸುತ್ತಿನ ಆಯ್ಕೆ ಕೊಟ್ಟರೆ ಸಾಕಿತ್ತು. ಒಂದೇ ಒಂದು ಡಾಲರ್ ಹೆಚ್ಚಾಗಿದ್ದರೂ ಮೊದಲ ಮತ್ತು ಮೂರನೇ ಸುತ್ತಿನ ಆಯ್ಕೆಗಳನ್ನು ತೆರಬೇಕಾಗುತ್ತಿತ್ತು. ಹಾಲೊವೇಯ ಮೊತ್ತವೂ ಹಾಗೆಯೇ ಮೂರನೇ ಸುತ್ತಿನ ಮೆಟ್ಟಿಲಿನ ತುದಿಯಲ್ಲಿ ನಿಂತಿತ್ತು. ಪರಿಹಾರಕ್ಕೆ ಸ್ವಂತ ಆಯ್ಕೆಯನ್ನೇ ಕೊಡಬೇಕು, ಬೇರೆಯವರಿಂದ ಪಡೆದದ್ದು ನಡೆಯುವುದಿಲ್ಲ. ಸೇಂಟ್ ಲೂಯಿಸ್‌ನ ಎರಡನೇ ಸುತ್ತಿನ ಆಯ್ಕೆ ಪಿಟ್ಸ್‌ಬರ್ಗ್ ಬಳಿ ಇತ್ತು. ಅದನ್ನು ಮೊದಲು ಮರಳಿ ಪಡೆದುಕೊಂಡೇ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್ ಶೀಟ್ ಕಳಿಸಿದರು.

ಎರಡೂ ಸೇರಿದರೆ 68,71,374 ಡಾಲರ್. ಎಡ್ಮಂಟನ್‌ನ ಖಾತೆ ಆಗಲೇ ತುಂಬಿ ತುಳುಕುತ್ತಿತ್ತು. ಸೆಪ್ಟೆಂಬರ್ ಆರಂಭದಲ್ಲಿ ಲಿಯಾನ್ ಡ್ರೈಸೈಟಲ್‌ಗೆ ವರ್ಷಕ್ಕೆ 1.4 ಕೋಟಿಯಂತೆ ಎಂಟು ವರ್ಷದ ಹೊಸ ಒಪ್ಪಂದ ಬರುವುದಿತ್ತು, ಅದರ ಹಿಂದೆ ಇನ್ನಷ್ಟು ದೊಡ್ಡ ಹೆಸರುಗಳಿದ್ದವು. ಏಳನೆಯ ದಿನ, ಆಗಸ್ಟ್ 20ರಂದು, ತಂಡ ಇಬ್ಬರನ್ನೂ ಬಿಟ್ಟುಕೊಟ್ಟಿತು. ಮರುಋತುವಿನಲ್ಲಿ ಹಾಲೊವೇ ಸೇಂಟ್ ಲೂಯಿಸ್‌ಗಾಗಿ 63 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದ. ಎಡ್ಮಂಟನ್‌ನಲ್ಲಿ ಅವನಿಗೆ ಕೆಳಗಿನ ಸಾಲುಗಳಲ್ಲಷ್ಟೇ ಜಾಗ ಸಿಗುತ್ತಿತ್ತು. ಸ್ಕಿನ್ನರ್, ಆರ್ವಿಡ್ಸನ್ ಇಬ್ಬರೂ ಒಂದೇ ಋತು ಆಡಿ ಬೇರೆ ತಂಡಗಳಿಗೆ ಹೋದರು. ಎಡ್ಮಂಟನ್ 2025ರಲ್ಲಿ ಮತ್ತೆ ಫೈನಲ್ ತಲುಪಿತು ಎಂಬುದನ್ನೂ ಹೇಳಬೇಕು. ಇಬ್ಬರು ಹುಡುಗರು ಹೋದ ಮಾತ್ರಕ್ಕೆ ತಂಡ ಮುಳುಗಲಿಲ್ಲ. ಆದರೆ ಅಗ್ಗದಲ್ಲಿ ಸಿಗಬಹುದಾಗಿದ್ದ ಇಬ್ಬರು ಬೆಳೆಯುವ ಆಟಗಾರರನ್ನು ಎರಡನೇ ಮತ್ತು ಮೂರನೇ ಸುತ್ತಿನ ಆಯ್ಕೆಗಳಿಗೆ ಕೊಟ್ಟದ್ದು, ಕಪ್ಪಿನ ಆಸೆಯಿರುವ ಯಾವ ತಂಡಕ್ಕೂ ದುಬಾರಿಯೇ.

ಆ ವಾರ ಎಡ್ಮಂಟನ್‌ನ ಹೊಸ ಮ್ಯಾನೇಜರ್ ಸ್ಟ್ಯಾನ್ ಬೌಮನ್. ಜುಲೈ 24ರಂದು ಬಂದವರು, ಜುಲೈ 1ರ ಖರೀದಿ ಅವರದ್ದಲ್ಲ. ಆಫರ್ ಶೀಟ್ ಅವರಿಗೆ ಹೊಸದೂ ಅಲ್ಲ. 2010ರಲ್ಲಿ ಅವರು ಶಿಕಾಗೋದಲ್ಲಿದ್ದರು. ಕಪ್ ಗೆದ್ದು ತಿಂಗಳಾಗಿತ್ತು, ಮಿತಿಯೊಳಗೆ ಬರಲು ಬಫ್ಲಿನ್, ಲ್ಯಾಡ್, ವರ್ಸ್ಟೀಗ್ ಅವರನ್ನೆಲ್ಲ ಆಗಲೇ ಮಾರಿಯಾಗಿತ್ತು. ಆಗ ಸ್ಯಾನ್ ಹೋಸೆ ಶಾರ್ಕ್ಸ್ ಇಪ್ಪತ್ಮೂರರ ರಕ್ಷಕ ನಿಕ್ಲಾಸ್ ಯಾಲ್ಮರ್ಸನ್‌ಗೆ ನಾಲ್ಕು ವರ್ಷಕ್ಕೆ 1.4 ಕೋಟಿಯ ಶೀಟ್ ಕೊಟ್ಟಿತು. ಶಿಕಾಗೋ ಸರಿಗಟ್ಟಿ ಉಳಿಸಿಕೊಂಡಿತು. ಆದರೆ ಆ ಹಣ ಯಾರದ್ದೋ ಪಾಲಿನಿಂದ ಬರಬೇಕಿತ್ತು. ಕಪ್ ಗೆದ್ದುಕೊಟ್ಟ ಗೋಲಿ (ಗೋಲ್‌ಕೀಪರ್) ಆಂಟಿ ನಿಯೆಮಿಗೆ ಮಧ್ಯಸ್ಥಿಕೆದಾರರು 27.5 ಲಕ್ಷ ನಿಗದಿ ಮಾಡಿದಾಗ ಶಿಕಾಗೋ ಆ ತೀರ್ಪಿನಿಂದ ಹಿಂದೆ ಸರಿಯಿತು, ನಿಯೆಮಿ ಸ್ವತಂತ್ರನಾದ. ಅವನಿಗೆ ಸಹಿ ಹಾಕಿಸಿದ್ದು ಸ್ಯಾನ್ ಹೋಸೆಯೇ. ಒಂದು ಶೀಟ್ ಸೋತರೂ ಎದುರಾಳಿಯ ಖಾತೆಯನ್ನು ಬಿಗಿ ಮಾಡಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನ ಇದು.

ಹಾಗಿದ್ದರೆ ಎಲ್ಲರೂ ಇದನ್ನೇ ಏಕೆ ಮಾಡುವುದಿಲ್ಲ ಎಂದು ಬ್ರ್ಯಾಂಪ್ಟನ್‌ನ ಕನ್ನಡಿಗ ಗೆಳೆಯರು ಕೇಳುತ್ತಾರೆ. ಮ್ಯಾನೇಜರುಗಳು ಪರಸ್ಪರ ಮುನಿಸು ಕಟ್ಟಿಕೊಳ್ಳಲು ಹಿಂಜರಿಯುತ್ತಾರೆ ಎಂಬುದು ನಿಜ. ಆದರೆ ದೊಡ್ಡ ಆಟಗಾರರ ವಿಷಯದಲ್ಲಿ ಅಡ್ಡ ಬರುವುದು ಗಣಿತ. ಶೀಟ್ ಏಳು ವರ್ಷದ್ದಾದರೂ ಪರಿಹಾರ ಲೆಕ್ಕ ಹಾಕುವಾಗ ಒಟ್ಟು ಮೊತ್ತವನ್ನು ಐದರಿಂದಲೇ ಭಾಗಿಸುತ್ತಾರೆ. ವರ್ಷಕ್ಕೆ 70 ಲಕ್ಷದಂತೆ ಏಳು ವರ್ಷಕ್ಕೆ 4.9 ಕೋಟಿ, ಐದರಿಂದ ಭಾಗಿಸಿದರೆ 98 ಲಕ್ಷ. 2024ರ ಪಟ್ಟಿಯಲ್ಲಿ ಅದರ ಬೆಲೆ ಎರಡು ಮೊದಲ ಸುತ್ತಿನ ಆಯ್ಕೆಗಳು, ಜೊತೆಗೆ ಒಂದು ಎರಡನೆಯದು, ಒಂದು ಮೂರನೆಯದು. ಇದರಿಂದಾಗಿ ಅಪಾಯ ನಡುವಿನ ಮೆಟ್ಟಿಲಿನ ಹುಡುಗರಲ್ಲೇ ಹೆಚ್ಚು. ಬೇಸಿಗೆಯಲ್ಲಿ ತಂಡಗಳು ಕೊನೆಯವರೆಗೆ ಬಾಕಿ ಇಡುವುದು ಅವರ ಒಪ್ಪಂದಗಳನ್ನೇ.

ಇನ್ನು ಅವಧಿಯ ಪ್ರಶ್ನೆ. ಮಾತುಕತೆಯಲ್ಲಿ ಸಂಬಳದ ಸುದ್ದಿ ಪತ್ರಿಕೆಗೆ ಹೋಗುತ್ತದೆ, ಆದರೆ ನಿಜವಾದ ಜಗ್ಗಾಟ ವರ್ಷಗಳದ್ದು. ಇಪ್ಪತ್ಮೂರರ ಆಟಗಾರ ಎಂಟು ವರ್ಷಕ್ಕೆ ಸಹಿ ಹಾಕಿದರೆ ತಂಡ ನಾಲ್ಕು ನಿರ್ಬಂಧಿತ ವರ್ಷಗಳನ್ನೂ ನಾಲ್ಕು ಸ್ವತಂತ್ರ ವರ್ಷಗಳನ್ನೂ ಕೊಳ್ಳುತ್ತದೆ. ಮೊದಲಿನವು ಅಗ್ಗ, ನಂತರದವು ತುಟ್ಟಿ. ಎರಡನ್ನೂ ಸೇರಿಸಿ ಸರಾಸರಿ ಕಟ್ಟುವುದೇ ಕಲೆ. ಕೊಲರಾಡೊ 2016ರಲ್ಲಿ ನೇಥನ್ ಮೆಕಿನನ್‌ಗೆ ಏಳು ವರ್ಷ, ವರ್ಷಕ್ಕೆ 63 ಲಕ್ಷ ಕೊಟ್ಟಿತು. ಆ ಋತುವಿನ 7.3 ಕೋಟಿಯ ಮಿತಿಯಲ್ಲಿ ಅದು ಶೇ. 8.6, ತಂಡ ಕಪ್ ಗೆದ್ದ 2021-22ರಲ್ಲಿ ಶೇ. 7.7. ಅವನ ಮುಂದಿನ ಒಪ್ಪಂದ 1.26 ಕೋಟಿಯದ್ದು, ಜಾರಿಯಾದ ವರ್ಷದ ಮಿತಿಯ ಶೇ. 15. ನಡುವಿನ ಆ ವ್ಯತ್ಯಾಸದಲ್ಲಿ ಕೊಲರಾಡೊ ಇನ್ನೊಬ್ಬ ಒಳ್ಳೆಯ ಆಟಗಾರನನ್ನು ಸಾಕಿಕೊಂಡಿತ್ತು.

ಇದಕ್ಕೆ ವಿರುದ್ಧವಾದದ್ದು ಬ್ರಿಡ್ಜ್ ಒಪ್ಪಂದ: ಎರಡು, ಮೂರು ವರ್ಷ ಕಡಿಮೆ ಸಂಬಳಕ್ಕೆ ಆಡು, ಆಮೇಲೆ ನೋಡೋಣ. ಮಾಂಟ್ರಿಯಲ್ 2013ರ ಜನವರಿಯಲ್ಲಿ ಪಿ.ಕೆ. ಸುಬಾನ್‌ಗೆ ಎರಡು ವರ್ಷಕ್ಕೆ 57.5 ಲಕ್ಷ ಕೊಟ್ಟಿತು. ಅದೇ ಋತುವಿನಲ್ಲಿ ಅವನು ಶ್ರೇಷ್ಠ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ. 2014ರಲ್ಲಿ ಮಾಂಟ್ರಿಯಲ್ ಎಂಟು ವರ್ಷಕ್ಕೆ 7.2 ಕೋಟಿ ತೆತ್ತಿತು. ಎಡ್ಮಂಟನ್‌ನಲ್ಲೂ ಇದೇ ನಡೆಯಿತು: 2023ರಲ್ಲಿ ಇವಾನ್ ಬೂಷಾರ್‌ಗೆ ಎರಡು ವರ್ಷ, ವರ್ಷಕ್ಕೆ 39 ಲಕ್ಷ, 2025ರಲ್ಲಿ ನಾಲ್ಕು ವರ್ಷ, ವರ್ಷಕ್ಕೆ 1.05 ಕೋಟಿ. ಜಾಗವಿಲ್ಲದ ತಂಡ ಇಂದಿನ ಕೊರತೆಯನ್ನು ನಾಳೆಯ ಬೆಲೆಯಲ್ಲಿ ತೀರಿಸುತ್ತದೆ. ಎಲ್ಲ ಬ್ರಿಡ್ಜ್ ಒಪ್ಪಂದಗಳೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೋಲಿಗಳು ತಡವಾಗಿ ಪಕ್ವವಾಗುತ್ತಾರೆ. ಒಂದೇ ಒಳ್ಳೆಯ ಋತು ಆಡಿದ ಮುಂಪಡೆಯವನ ಬಗ್ಗೆ ಎರಡೂ ಕಡೆಯವರಿಗೆ ಕಾಯುವುದೇ ಕ್ಷೇಮ.

ಮಧ್ಯಸ್ಥಿಕೆಯ ಕೋಣೆಯ ಬಗ್ಗೆ ಹೊರಗಿನವರಿಗೆ ತಿಳಿಯದ ಒಂದು ಸಂಗತಿಯಿದೆ. ಅಲ್ಲಿ ಸ್ಯಾಲರಿ ಕ್ಯಾಪ್‌ನ ಹೆಸರೆತ್ತುವಂತಿಲ್ಲ. ತಂಡದ ಆರ್ಥಿಕ ಸ್ಥಿತಿಯೂ ಸಾಕ್ಷ್ಯವಾಗದು, ಸ್ವತಂತ್ರ ಆಟಗಾರರಾಗಿ ಸಹಿ ಹಾಕಿದವರ ಒಪ್ಪಂದಗಳನ್ನು ಹೋಲಿಕೆಗೆ ತರುವಂತಿಲ್ಲ. ಉಳಿಯುವುದು ಅದೇ ವಯಸ್ಸಿನ, ಅದೇ ಸ್ಥಿತಿಯಲ್ಲಿ ಸಹಿ ಹಾಕಿದ ಇತರ ಹುಡುಗರ ಅಂಕಿಗಳು. ನನ್ನ ಬೇಸಿಗೆಯ ಬಹುಪಾಲು ಅಂಥ ಹೋಲಿಕೆಗಳನ್ನು ಹುಡುಕುವುದರಲ್ಲೇ ಕಳೆಯುತ್ತದೆ. ತಂಡದ ವಕೀಲರು ಆಟಗಾರನ ಎದುರೇ ಅವನ ದೋಷಗಳನ್ನು ಒಂದೊಂದಾಗಿ ಓದುತ್ತಾರೆ: ಕಳೆದುಕೊಂಡ ಪಕ್, ಬಿಟ್ಟುಕೊಟ್ಟ ಗೋಲು, ಗಾಯದ ಚರಿತ್ರೆ. ಹುಡುಗ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾನೆ, ತಿಂಗಳು ಕಳೆದ ಮೇಲೆ ಅದೇ ತಂಡದ ಅಂಗಿ ತೊಟ್ಟು ಆಡಬೇಕು. ಬಾಸ್ಟನ್‌ನ ಗೋಲಿ ಜೆರೆಮಿ ಸ್ವೇಮನ್ 2023ರಲ್ಲಿ ಈ ದಾರಿಯಲ್ಲಿ ಒಂದು ವರ್ಷಕ್ಕೆ 34.75 ಲಕ್ಷ ಪಡೆದ. ಆ ಅನುಭವ ಹಿತವಾಗಿರಲಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ. ಮರುವರ್ಷ ತಂಡ ಇನ್ನೊಬ್ಬ ಗೋಲಿ ಲೀನಸ್ ಉಲ್‌ಮಾರ್ಕ್‌ನನ್ನು ಮೊದಲೇ ಒಟ್ಟಾವಾಗೆ ಕಳಿಸಿ ತನ್ನ ಕೈಯನ್ನೇ ಕಟ್ಟಿಕೊಂಡಿತ್ತು. ಸ್ವೇಮನ್ ಪೂರ್ವಸಿದ್ಧತೆಯ ಶಿಬಿರವನ್ನೆಲ್ಲ ತಪ್ಪಿಸಿಕೊಂಡು ಅಕ್ಟೋಬರ್ 6ರಂದು ಎಂಟು ವರ್ಷಕ್ಕೆ ಸಹಿ ಹಾಕಿದ, ವರ್ಷಕ್ಕೆ 82.5 ಲಕ್ಷ. ಆ ಋತು ಅವನಿಗೂ ತಂಡಕ್ಕೂ ಕೆಟ್ಟದಾಗಿಯೇ ಹೋಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಗೋಲಿಗೆ ಶಿಬಿರದ ಮೂರು ವಾರ ಎಷ್ಟು ಮುಖ್ಯ ಎಂಬುದು ಆ ಸ್ಥಾನದಲ್ಲಿ ನಿಂತವರಿಗೆಲ್ಲ ಗೊತ್ತು.

ಮನೆಯಲ್ಲಿ ಕೂರುವುದರ ಬೆಲೆಯನ್ನು ತಂಡವೂ ತೆರುತ್ತದೆ. ಟೊರಾಂಟೊದ ವಿಲಿಯಂ ನೈಲಾಂಡರ್ 2018ರ ಡಿಸೆಂಬರ್ 1ರಂದು ಗಡುವಿಗೆ ಕೆಲವೇ ನಿಮಿಷ ಇರುವಾಗ ಆರು ವರ್ಷಕ್ಕೆ ಸಹಿ ಹಾಕಿದ. ತಡವಾಗಿ ಬಂದ ಕಾರಣ ಮೊದಲ ಋತುವಿನಲ್ಲಿ ವೇತನ ಮಿತಿಯ ಮೇಲೆ ಅವನ ಹೊರೆ ಸುಮಾರು 1.02 ಕೋಟಿಯಾಯಿತು, ಉಳಿದ ವರ್ಷಗಳಲ್ಲಿ ಸುಮಾರು 70 ಲಕ್ಷ. ಅಭಿಮಾನಿಗಳು ಆಗ ಹುಡುಗನನ್ನು ದುರಾಸೆಯವನೆಂದು ಜರೆದದ್ದು ನನಗೆ ಇಂದಿಗೂ ನೋವು ತರುತ್ತದೆ. ಮೊದಲ ಮೂರು ವರ್ಷ ಲೀಗ್ ಬರೆದ ಸಂಬಳಕ್ಕೆ ಆಡಿದವನಿಗೆ ಬೆಲೆ ಕೇಳಲು ಸಿಗುವ ಮೊದಲ ಅವಕಾಶ ಅದು. ಗಾಯವಾದರೆ ಅದೇ ಕೊನೆಯದೂ ಆಗಬಹುದು.

ಈಗ ನೆಲವೇ ಬದಲಾಗಿದೆ. ಸೋಂಕಿನ ಕಾಲದಲ್ಲಿ ಮೂರು ಋತು 8.15 ಕೋಟಿಯಲ್ಲೇ ನಿಂತಿದ್ದ ಮಿತಿ 2025-26ಕ್ಕೆ 9.55 ಕೋಟಿಗೆ ಏರಿತು. 2026-27ಕ್ಕೆ 10.4 ಕೋಟಿ, 2027-28ಕ್ಕೆ 11.35 ಕೋಟಿ ಎಂದು ಲೀಗ್ ಮತ್ತು ಆಟಗಾರರ ಸಂಘ 2025ರ ಜನವರಿಯಲ್ಲಿ ಸಾರಿದವು. 2026ರ ಸೆಪ್ಟೆಂಬರ್‌ನಿಂದ ಅನ್ವಯವಾಗುವ ಹೊಸ ಸಾಮೂಹಿಕ ಒಪ್ಪಂದದಲ್ಲಿ ಸ್ವಂತ ಆಟಗಾರನಿಗೆ ಕೊಡಬಹುದಾದ ಗರಿಷ್ಠ ಅವಧಿ ಎಂಟರಿಂದ ಏಳಕ್ಕೆ ಇಳಿಯುತ್ತದೆ. ಇಪ್ಪತ್ಮೂರರವನಿಂದ ತಂಡ ಇನ್ನು ಮೂರೇ ಸ್ವತಂತ್ರ ವರ್ಷಗಳನ್ನು ಕೊಳ್ಳಬಹುದು, ನಾಲ್ಕನೆಯದು ಅವನದೇ. ಏರುವ ಮಿತಿಯಲ್ಲಿ ಚಿಕ್ಕ ಒಪ್ಪಂದ ಆಟಗಾರನಿಗೆ ಲಾಭ, ಉದ್ದನೆಯದು ತಂಡಕ್ಕೆ ಲಾಭ. ಆದ್ದರಿಂದ ಈ ಬೇಸಿಗೆಗಳಲ್ಲಿ ಏಜೆಂಟರು ನನ್ನನ್ನು ಕೇಳಿದಾಗ ನಾನು ಡಾಲರಿನ ಅಂಕಿಯ ಬದಲು ಮಿತಿಯ ಶೇಕಡಾವಾರನ್ನು ಬರೆದುಕೊಡುತ್ತೇನೆ: ಇಂದು ಇಷ್ಟು, ಮೂರನೆಯ ವರ್ಷಕ್ಕೆ ಇಷ್ಟು, ಕೊನೆಯ ವರ್ಷಕ್ಕೆ ಇಷ್ಟು. ಜುಲೈ 1ಕ್ಕೆ ಮೊದಲೇ ತಂಡ ಫೋನ್ ಮಾಡಿ ದೀರ್ಘಾವಧಿಯ ಮಾತೆತ್ತಿದರೆ, ಆ ಕಾಗದದ ಮೊದಲ ಸಾಲಿಗಿಂತ ಸ್ವಲ್ಪ ಕೆಳಗೆ ಇಳಿಯಬಹುದು ಎಂದೂ ಹೇಳುತ್ತೇನೆ. ಆಗಸ್ಟ್‌ನಲ್ಲಿ ಫೋನ್ ಮಾಡಿದರೆ ಇಳಿಯುವ ಅಗತ್ಯವಿಲ್ಲ.