ಮಿದುಳಿನ ತರಬೇತಿ: ಅಭ್ಯಾಸದ ಫಲ ಎಲ್ಲಿಯವರೆಗೆ?

ನೆನಪಿನ ತೊಂದರೆ ಹೇಳಿಕೊಂಡು ಸಲಹೆಗೆ ಬರುವವರು ಅರವತ್ತು ದಾಟಿದವರಾಗಿರಲಿ, ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಳಾಗಿರಲಿ, ಕೊನೆಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮಿದುಳು ಚುರುಕಾಗಲು ಯಾವ ವ್ಯಾಯಾಮ ಮಾಡಬೇಕು? ಕೆಲವರು ಮೊಬೈಲ್ ತೆರೆದು, ತಾವು ದಿನವೂ ಆಡುವ ಮಿದುಳಿನ ಆಟದಲ್ಲಿ ಅಂಕಗಳು ಹೇಗೆ ಏರಿವೆ ಎಂಬುದನ್ನು ತೋರಿಸುತ್ತಾರೆ. ಅಂಕ ಏರಿರುವುದು ಸುಳ್ಳಲ್ಲ. ಆದರೆ ಅದೇ ವ್ಯಕ್ತಿಗೆ ಕನ್ನಡಕ ಎಲ್ಲಿಟ್ಟೆ, ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಗೊಂದಲ ಮೊದಲಿನಷ್ಟೇ ಇರುತ್ತದೆ. ಈ ಎರಡರ ನಡುವಿನ ಅಂತರವನ್ನು ಅರ್ಥ ಮಾಡಿಕೊಳ್ಳದೆ ಮಿದುಳಿನ ತರಬೇತಿಯ ಬಗ್ಗೆ ಮಾತನಾಡಿ ಪ್ರಯೋಜನವಿಲ್ಲ.

ಈ ಅಂತರವನ್ನು ತೋರಿಸಲು ನಾನು ಸಾಮಾನ್ಯವಾಗಿ ಹೇಳುವುದು 1980ರಲ್ಲಿ ಮನೋವಿಜ್ಞಾನಿ ಎರಿಕ್ಸನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಒಂದು ಪ್ರಯೋಗವನ್ನು. ಒಬ್ಬ ಕಾಲೇಜು ವಿದ್ಯಾರ್ಥಿಗೆ ಒಂದರ ಹಿಂದೆ ಒಂದರಂತೆ ಅಂಕಿಗಳನ್ನು ಓದಿ ಹೇಳಿ, ಅದೇ ಕ್ರಮದಲ್ಲಿ ಒಪ್ಪಿಸುವಂತೆ ಕೇಳಲಾಯಿತು. ಆರಂಭದಲ್ಲಿ ಅವನ ಮಿತಿ ಎಲ್ಲರಂತೆ ಏಳು ಅಂಕಿಗಳಷ್ಟೇ ಇತ್ತು. 230 ಗಂಟೆಗಳಿಗೂ ಹೆಚ್ಚಿನ ಅಭ್ಯಾಸದ ನಂತರ ಅದು 79ಕ್ಕೆ ಏರಿತು. ಅವನು ಓಟಗಾರನಾಗಿದ್ದರಿಂದ 3492 ಎಂಬ ಅಂಕಿಗಳನ್ನು ‘ಮೂರು ನಿಮಿಷ ನಲವತ್ತೊಂಬತ್ತು ಬಿಂದು ಎರಡು ಸೆಕೆಂಡು, ಒಂದು ಮೈಲಿಯ ವಿಶ್ವದಾಖಲೆಗೆ ಹತ್ತಿರದ ಸಮಯ’ ಎಂದು ಗುರುತಿಟ್ಟುಕೊಳ್ಳುತ್ತಿದ್ದ. ಓಟದ ಸಮಯಕ್ಕೆ ಹೊಂದದ ಅಂಕಿಗಳನ್ನು ಯಾರದ್ದೋ ವಯಸ್ಸಾಗಿ ಮಾರ್ಪಡಿಸಿಕೊಳ್ಳುತ್ತಿದ್ದ. ಆಮೇಲೆ ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನ ಮಿತಿ ಸುಮಾರು ಆರಕ್ಕೆ ಇಳಿಯಿತು. ಅಂದರೆ ಅವನ ನೆನಪಿನ ಪಾತ್ರೆಯೇನೂ ದೊಡ್ಡದಾಗಿರಲಿಲ್ಲ. ಅಂಕಿಗಳಿಗೆಂದೇ ಒಂದು ಅಚ್ಚುಕಟ್ಟಾದ ವಿಧಾನ ಸಿದ್ಧವಾಗಿತ್ತು, ಅಷ್ಟೆ.

ಹಾಗೆಂದು ಅಭ್ಯಾಸದಿಂದ ಮಿದುಳಿನ ರಚನೆಯೇ ಬದಲಾಗುವುದಿಲ್ಲ ಎನ್ನಲಾಗದು. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಸುಮಾರು 25,000 ರಸ್ತೆಗಳ ವಿನ್ಯಾಸವನ್ನು ಮೂರು ನಾಲ್ಕು ವರ್ಷ ಕಲಿಯಬೇಕಾಗುತ್ತದೆ. ಎಲೀನರ್ ಮಗ್ವೈರ್ ಅವರ ತಂಡ 2000ದಲ್ಲಿ ಈ ಚಾಲಕರ ಎಂಆರ್‌ಐ ಚಿತ್ರಗಳನ್ನು ಪರಿಶೀಲಿಸಿದಾಗ, ಸ್ಥಳದ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದಾಗಿತ್ತು. ಹುಟ್ಟಿನಿಂದಲೇ ಅಂಥ ಮಿದುಳಿದ್ದವರು ಈ ಉದ್ಯೋಗಕ್ಕೆ ಬಂದಿರಬಹುದಲ್ಲವೇ ಎಂಬ ಆಕ್ಷೇಪಕ್ಕೆ 2011ರಲ್ಲಿ ಉತ್ತರ ದೊರೆಯಿತು: ಕಲಿಯಲು ತೊಡಗಿದ 79 ಮಂದಿಯನ್ನು ಮೊದಲಿನಿಂದಲೂ ಗಮನಿಸಿದಾಗ, ತೇರ್ಗಡೆಯಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಅದೇ ಸಂಶೋಧನೆಯ ಇನ್ನೊಂದು ಫಲಿತಾಂಶ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಸಂಕೀರ್ಣವಾದ ರೇಖಾಚಿತ್ರವೊಂದನ್ನು ಸ್ವಲ್ಪ ಹೊತ್ತಿನ ನಂತರ ನೆನಪಿನಿಂದ ಬಿಡಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಒಂದು ಕಡೆಯ ಲಾಭಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕಾದೀತು ಎಂಬುದನ್ನು ಮಿದುಳಿನ ಆಟಗಳ ಜಾಹೀರಾತುಗಳು ಹೇಳುವುದಿಲ್ಲ.

ಬದಲಾವಣೆ ಕಾಯಂ ಅಲ್ಲ ಎಂಬುದೂ ತಿಳಿದಿರಬೇಕು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ಚೆಂಡುಗಳನ್ನು ಗಾಳಿಯಲ್ಲಿ ಸತತವಾಗಿ ಎಸೆದು ಹಿಡಿಯುವುದನ್ನು ಮೂರು ತಿಂಗಳು ಕಲಿತವರ ಮಿದುಳಿನಲ್ಲಿ, ಚಲನೆಯನ್ನು ಗುರುತಿಸುವ ಭಾಗದ ಬೂದು ದ್ರವ್ಯ (ನರಕೋಶಗಳು ದಟ್ಟವಾಗಿರುವ ಅಂಗಾಂಶ) ಹೆಚ್ಚಾಗಿತ್ತು. ಅಭ್ಯಾಸ ಬಿಟ್ಟು ಮೂರು ತಿಂಗಳಾದಾಗ ಅದು ಮತ್ತೆ ಇಳಿಮುಖವಾಗಿತ್ತು. ಇಂಥ ಹಿಗ್ಗುವಿಕೆಗೆ ಹೊಸ ನರಕೋಶಗಳು ಹುಟ್ಟಿಕೊಂಡಿರಲೇಬೇಕೆಂದು ಹಲವರು ಭಾವಿಸುತ್ತಾರೆ. ವಯಸ್ಕರ ಮಿದುಳಿನಲ್ಲಿ ಹೊಸ ಕೋಶಗಳು ಎಷ್ಟರಮಟ್ಟಿಗೆ ಹುಟ್ಟುತ್ತವೆ ಎಂಬುದು ಸಂಶೋಧಕರ ನಡುವೆ ಇಂದಿಗೂ ವಾಗ್ವಾದದ ವಿಷಯ. ಆದರೆ ಕಲಿಕೆ ಅದಕ್ಕಾಗಿ ಕಾಯಬೇಕಾಗಿಲ್ಲ. ಇರುವ ಕೋಶಗಳ ನಡುವಿನ ಸಂಪರ್ಕಗಳು ಬಲಗೊಳ್ಳುವುದು, ಅವುಗಳ ಕವಲುಗಳು ಹೆಚ್ಚುವುದು, ನರತಂತುಗಳ ಮಯೆಲಿನ್ ಹೊದಿಕೆ ಬದಲಾಗಿ ಸಂಕೇತಗಳ ಓಟ ಹೊಂದಿಕೊಳ್ಳುವುದು, ಇವೆಲ್ಲ ಅಭ್ಯಾಸದೊಡನೆ ನಡೆಯುವ ಕೆಲಸಗಳು. ಬಳಸಿದ ಜಾಲವೇ ಬಲಗೊಳ್ಳುವುದರಿಂದ ಫಲವೂ ಬಹುಮಟ್ಟಿಗೆ ಅಲ್ಲಿಯೇ ಉಳಿಯುತ್ತದೆ.

2010ರಲ್ಲಿ ಬ್ರಿಟನ್ನಿನಲ್ಲಿ 11,430 ಮಂದಿ ಆರು ವಾರಗಳ ಕಾಲ ಕಂಪ್ಯೂಟರಿನಲ್ಲಿ ಮಿದುಳಿನ ಆಟಗಳನ್ನು ಆಡಿದಾಗ ಕಂಡುಬಂದದ್ದೂ ಇದೇ: ಆಡಿದ ಆಟದಲ್ಲಿ ಪ್ರಗತಿ ಆಯಿತು, ಆಡದ ಪರೀಕ್ಷೆಗಳಿಗೆ ಅದು ಹರಿದುಬರಲಿಲ್ಲ. ಅಮೆರಿಕದಲ್ಲಿ 2,800ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ‘ಆಕ್ಟಿವ್’ ಪ್ರಯೋಗದ ಫಲಿತಾಂಶ ಇದಕ್ಕಿಂತ ಆಶಾದಾಯಕ. ತರ್ಕದ ತರಬೇತಿ ಮತ್ತು ನೋಡಿದ್ದನ್ನು ಬೇಗ ಗುರುತಿಸುವ ತರಬೇತಿ ಪಡೆದವರು ಹತ್ತು ವರ್ಷಗಳ ನಂತರವೂ ಆಯಾ ಕೌಶಲದಲ್ಲಿ ಮುಂದಿದ್ದರು. ನೆನಪಿನ ತರಬೇತಿಯ ಲಾಭ ಮಾತ್ರ ಅಷ್ಟು ಕಾಲ ನಿಲ್ಲಲಿಲ್ಲ. ಆಟಗಳನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಂತೋಷಕ್ಕಾಗಿ ಆಡಿದರೆ ತಪ್ಪೇನಿಲ್ಲ, ಚಿಕಿತ್ಸೆಯೆಂದು ಹಣ ತೆತ್ತು ಆಡಬೇಕಾಗಿಲ್ಲ.

ದೇಹದ ವ್ಯಾಯಾಮದ ವಿಷಯ ಬೇರೆ. ಅದು ಯಾವುದೋ ಒಂದು ಕೌಶಲವನ್ನಲ್ಲ, ಎಲ್ಲ ಕೌಶಲಗಳೂ ನೆಲೆಗೊಂಡಿರುವ ಅಂಗವನ್ನೇ ಪೋಷಿಸುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ, ರಕ್ತನಾಳಗಳು ಕೆಟ್ಟರೆ ಮೊದಲು ಬಾಧೆಗೊಳಗಾಗುವ ಅಂಗಗಳಲ್ಲಿ ಅದೂ ಒಂದು. ನಿಯಮಿತ ನಡಿಗೆಯಿಂದ ರಕ್ತದೊತ್ತಡ, ಸಕ್ಕರೆ, ನಿದ್ರೆ ಮೂರೂ ಸುಧಾರಿಸುತ್ತವೆ, ನರಕೋಶಗಳ ಉಳಿವಿಗೆ ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನು ಹೆಚ್ಚುತ್ತದೆ. 1999ರಲ್ಲಿ ಕ್ರೇಮರ್ ಅವರ ತಂಡ ವ್ಯಾಯಾಮದ ರೂಢಿಯಿಲ್ಲದ 60ರಿಂದ 75 ವರ್ಷದ 124 ಮಂದಿಯನ್ನು ಎರಡು ಗುಂಪು ಮಾಡಿತ್ತು. ಆರು ತಿಂಗಳು ನಡಿಗೆ ಮಾಡಿದವರು, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಬದಲಿಸುವಂಥ ಪರೀಕ್ಷೆಗಳಲ್ಲಿ, ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿ ಮಾಡಿದರು. 2011ರ ಅಧ್ಯಯನದಲ್ಲಿ 120 ಹಿರಿಯರ ಪೈಕಿ ಒಂದು ವರ್ಷ ನಡಿಗೆ ಮಾಡಿದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಮೈ ಸಡಿಲಿಸುವ ವ್ಯಾಯಾಮ ಮಾತ್ರ ಮಾಡಿದ ಗುಂಪಿನವರದು ಶೇ. 1.4ರಷ್ಟು ಕುಗ್ಗಿತ್ತು.

ಇಲ್ಲಿಯೂ ಉತ್ಪ್ರೇಕ್ಷೆ ಬೇಡ. 2022ರಲ್ಲಿ 65ರಿಂದ 84 ವರ್ಷದ 585 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಧ್ಯಾನವಾಗಲಿ, ವ್ಯಾಯಾಮವಾಗಲಿ, ಎರಡೂ ಸೇರಿಯಾಗಲಿ ಆರು ತಿಂಗಳಲ್ಲಿ ನೆನಪಿನ ಪರೀಕ್ಷೆಗಳ ಅಂಕವನ್ನು ಗಣನೀಯವಾಗಿ ಏರಿಸಲಿಲ್ಲ. ಆರೋಗ್ಯವಂತರಲ್ಲಿ ವ್ಯಾಯಾಮದ ಲಾಭ ಬಹುಶಃ ಏರಿಕೆಗಿಂತ ಹೆಚ್ಚಾಗಿ ಇಳಿಕೆಯನ್ನು ತಡೆಯುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹೀಗಾಗಿ ಮೂರು ತಿಂಗಳಲ್ಲಿ ಫಲ ಕಾಣಲಿಲ್ಲವೆಂದು ನಡಿಗೆ ಬಿಡುವವರಿಗೆ, ಕಾಣದಿರುವುದೇ ಫಲವಾಗಿರಬಹುದೆಂದು ವಿವರಿಸಬೇಕಾಗುತ್ತದೆ.

ಮನಸ್ಸಿನ ಅಭ್ಯಾಸ, ದೇಹದ ಅಭ್ಯಾಸ ಎಂದು ನಾವು ಬೇರೆ ಮಾಡಿ ಹೇಳುತ್ತೇವಾದರೂ ಮಿದುಳಿನಲ್ಲಿ ಆ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. 1995ರಲ್ಲಿ ಪಾಸ್ಕುವಲ್-ಲಿಯೋನ್ ಅವರ ತಂಡ ಪಿಯಾನೊ ಅರಿಯದವರಿಗೆ ಐದು ಬೆರಳುಗಳ ಒಂದು ಸರಳ ಪಾಠ ಕೊಟ್ಟು, ಐದು ದಿನ, ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡಿಸಿತು. ಒಂದು ಗುಂಪು ಬೆರಳಾಡಿಸಿ ನುಡಿಸಿತು, ಇನ್ನೊಂದು ಬೆರಳು ಅಲುಗಿಸದೆ ನುಡಿಸಿದಂತೆ ಕಲ್ಪಿಸಿಕೊಂಡಿತು. ಬೆರಳುಗಳನ್ನು ಆಳುವ ಮಿದುಳಿನ ಪ್ರದೇಶ ಎರಡೂ ಗುಂಪುಗಳಲ್ಲಿ ವಿಸ್ತರಿಸಿತ್ತು. ಕಲ್ಪಿಸಿಕೊಂಡವರ ನುಡಿಸಾಣಿಕೆ ಐದನೆಯ ದಿನ ಮೊದಲ ಗುಂಪಿನ ಮೂರನೆಯ ದಿನದ ಮಟ್ಟದಲ್ಲಿತ್ತು. ಒಮ್ಮೆ ನಿಜವಾಗಿ ಅಭ್ಯಾಸ ಮಾಡಿದೊಡನೆ ಅವರೂ ಸಮನಾದರು. ಪಾರ್ಶ್ವವಾಯುವಿನಿಂದ ಕೈ ಸೋತವರಿಗೆ ಚಲನೆಯನ್ನು ಮನಸ್ಸಿನಲ್ಲೇ ನಡೆಸಿ ನೋಡಲು ನಾವು ಹೇಳುವುದು ಇದೇ ಕಾರಣಕ್ಕೆ. ಆದರೆ ಅದು ಕೈಯಿಂದ ಮಾಡುವ ಅಭ್ಯಾಸಕ್ಕೆ ಜೊತೆ ಮಾತ್ರ, ಅದರ ಬದಲಿಯಲ್ಲ.

ನನ್ನ ಕೋಣೆಯಲ್ಲಿ ನಡೆಯುವ ಒಂದು ಸರಳ ಪರೀಕ್ಷೆ ಈ ನಂಟನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಬಂದವರನ್ನು ಗೋಡೆಯಿಂದ ಗೋಡೆಗೆ ನಡೆಯಲು ಹೇಳಿ, ನಡೆಯುತ್ತಲೇ ನೂರರಿಂದ ಮೂರು ಮೂರು ಕಳೆಯುತ್ತ ಬರಲು ಕೇಳುತ್ತೇನೆ. ಹಲವು ಹಿರಿಯರು ತೊಂಬತ್ತೇಳು, ತೊಂಬತ್ತನಾಲ್ಕು ಎಂದು ಹೇಳುವಷ್ಟರಲ್ಲಿ ಹೆಜ್ಜೆ ಕಿರಿದಾಗಿಸುತ್ತಾರೆ. ಕೆಲವರು ನಿಂತೇ ಬಿಡುತ್ತಾರೆ, ಉತ್ತರ ಹೇಳಿ ಮತ್ತೆ ನಡೆಯುತ್ತಾರೆ. ನಡಿಗೆ ತಾನಾಗಿಯೇ ನಡೆಯುವ ಕೆಲಸವಾಗಿ ಉಳಿದಿಲ್ಲ, ಅದಕ್ಕೂ ಗಮನ ಖರ್ಚಾಗುತ್ತಿದೆ ಎಂಬುದರ ಸೂಚನೆ ಇದು. ಮಾತನಾಡಲು ನಿಲ್ಲುವ ಹಿರಿಯರಲ್ಲಿ ಬೀಳುವ ಅಪಾಯ ಹೆಚ್ಚೆಂಬುದು 1997ರಷ್ಟು ಹಿಂದೆಯೇ ವರದಿಯಾಗಿದೆ. ಇಂಥವರಿಗೆ ಕುಳಿತು ಆಡುವ ಆಟಕ್ಕಿಂತ, ಆಸರೆಯೊಬ್ಬರು ಪಕ್ಕದಲ್ಲಿರುವಾಗ ನಡೆಯುತ್ತ ಮಾತನಾಡುವ, ನಡೆಯುತ್ತ ಏನನ್ನಾದರೂ ಎತ್ತಿಕೊಂಡು ಇನ್ನೊಂದೆಡೆ ಇಡುವ ಅಭ್ಯಾಸವನ್ನು ಸೂಚಿಸುತ್ತೇನೆ, ಏಕೆಂದರೆ ಅವರಿಗೆ ದಿನನಿತ್ಯ ಬೇಕಾಗಿರುವುದು ಅದೇ.

ಆದ್ದರಿಂದ ನನ್ನ ಸಲಹಾ ಚೀಟಿ ಚಿಕ್ಕದಾಗಿರುತ್ತದೆ: ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಾರಕ್ಕೆ 150 ನಿಮಿಷವಾದರೂ ಉಸಿರು ಸ್ವಲ್ಪ ಬಿಗಿಯುವಂಥ ನಡಿಗೆ, ಸಾಕಷ್ಟು ನಿದ್ರೆ, ಮತ್ತು ನೀವು ಕಳೆದುಕೊಂಡಿರುವ ಕೆಲಸ ಯಾವುದೋ ಅದರದ್ದೇ ಅಭ್ಯಾಸ. ಹೆಸರು ಮರೆಯುವವರು ಹೆಸರುಗಳನ್ನೇ, ಒಂದೇ ದಿನದಲ್ಲಿ ಹತ್ತು ಸಲವಲ್ಲ, ದಿನಗಳ ಅಂತರ ಬಿಟ್ಟು ನೆನಪಿಸಿಕೊಳ್ಳಲಿ. ಮಾತ್ರೆ ಮರೆಯುವವರಿಗೆ ವಾರದ ಡಬ್ಬಿ ಮತ್ತು ಅಲಾರಂ ಯಾವ ತರಬೇತಿಗಿಂತಲೂ ಬೇಗ ಕೆಲಸ ಮಾಡುತ್ತವೆ. ಮರೆವಿಗೆ ಬೇರೆ ಕಾರಣವಿರಬಹುದಾದ್ದರಿಂದ, ಇವೆಲ್ಲವನ್ನು ಬರೆಯುವ ಮೊದಲು ಥೈರಾಯ್ಡ್ ಮತ್ತು ಬಿ12 ರಕ್ತಪರೀಕ್ಷೆ, ಕಿವಿಯ ತಪಾಸಣೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಗೊರಕೆಯ ಹಾಗೂ ಖಿನ್ನತೆಯ ವಿಚಾರಣೆ ಮುಗಿದಿರಬೇಕು. ಅವುಗಳಲ್ಲಿ ಏನಾದರೂ ಸಿಕ್ಕರೆ ಅದರ ಚಿಕಿತ್ಸೆ ಮೊದಲು, ತರಬೇತಿಯ ಮಾತು ಆಮೇಲೆ.